ಬೆಳಕಿಂಡಿ ಮುಚ್ಚಿದ ಮಧ್ಯಾಹ್ನ

ನೇಕಾರರ ಮನೆಯಲ್ಲಿ ಬೆಕ್ಕು ಸಾಕುವುದು ಮುದ್ದಿಗಲ್ಲ, ಇಲಿಗೆ. ಗಂಜಿ ಕುಡಿದ ನೂಲು ಅಂದರೆ ಇಲಿಗಳಿಗೆ ಹಬ್ಬದೂಟ. ಇಳಕಲ್ಲಿನ ನಮ್ಮ ಓಣಿಯಲ್ಲಿ ಯಾರು ಕೇಳಿದರೂ ನಾನು ಇದೇ ಮಾತು ಹೇಳುತ್ತಿದ್ದೆ. ಆದರೆ ನನ್ನ ಗಂಡನಿಗೆ ಹಾಲು ಸಾಲದೆ ಚಹಾ ಕರ್ರಗಾದ ದಿನವೂ ಬೆಕ್ಕಿನ ಬಟ್ಟಲಿಗೆ ಹಾಲು ಬೀಳುತ್ತಿತ್ತು. ಅದನ್ನು ನೋಡಿಯೂ ಅವರು ಕರ್ರಗಿನ ಚಹಾವನ್ನೇ ಕುಡಿದು ಮಗ್ಗಕ್ಕೆ ಕೂಡುತ್ತಿದ್ದರು.

ಮೂರು ಬಣ್ಣದ ಹೆಣ್ಣು ಬೆಕ್ಕು ಅದು. ಮೊದಲ ಸಲ ಅಡುಗೆ ಮನೆಯ ಅಟ್ಟದ ಮೇಲೆ ಮೂರು ಮರಿ ಹಾಕಿತ್ತು. ಎಂಟನೆಯ ದಿನ ಓಣಿಯ ಗಡವ, ಅಂದರೆ ಗಂಡು ಬೆಕ್ಕು, ಅಟ್ಟ ಹತ್ತಿ ಮೂರನ್ನೂ ಕೊಂದು ಹೋಯಿತು. ತಿನ್ನಲಿಲ್ಲ, ಬರೀ ಕೊಂದಿತು. ನನಗೆ ಸಿಟ್ಟು ಬಂದದ್ದು ಅದಕ್ಕೇ. ತಾಯಿ ಬೆಕ್ಕು ನಾಲ್ಕು ದಿನ ಅಟ್ಟಕ್ಕೂ ನನ್ನ ಕಾಲಿಗೂ ಓಡಾಡಿತು. ಮರಿಗಳನ್ನು ನಾನೇ ಎಲ್ಲೋ ಬಚ್ಚಿಟ್ಟಿದ್ದೇನೆ ಎನ್ನುವ ಹಾಗೆ ನನ್ನ ಮುಖ ನೋಡಿ ಕೂಗುತ್ತಿತ್ತು.

ಆ ಗಡವನನ್ನು ಓಣಿಯಲ್ಲಿ ನೋಡದವರಿಲ್ಲ. ಬೂದಿ ಬಣ್ಣ, ಹರಿದ ಕಿವಿ, ಗಂಡಸರ ಮುಷ್ಟಿಯಷ್ಟು ದಪ್ಪ ಮುಖ. ಅವನಿಗೆ ಮನೆ ಇರಲಿಲ್ಲ, ಊಟ ಮಾತ್ರ ಇತ್ತು. ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆಯ ಚಾಚಿ ದಿನಾ ಮುಂಜಾನೆ ಅವನಿಗೆ ಒಂದು ಬಟ್ಟಲು ಹಾಲನ್ನ ಇಡುತ್ತಿದ್ದರು. ಚಾಚಿ ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ನನ್ನ ಎರಡೂ ಬಾಣಂತನದಲ್ಲಿ ಬಿಸಿನೀರು ಕಾಸಿ ಕೊಟ್ಟವರು. ಅವರ ಮೇಲೆ ಸಿಟ್ಟು ಮಾಡುವುದು ನನಗೆ ಸುಲಭವಿರಲಿಲ್ಲ. ಆದರೂ ಒಳಗೊಳಗೇ ಮಾಡುತ್ತಿದ್ದೆ.

ಎರಡನೆಯ ಸಲ ನಮ್ಮ ಬೆಕ್ಕು ಮರಿ ಹಾಕಿದ್ದು ಮಗ್ಗದ ಕುಣಿಯಲ್ಲಿ. ನಮ್ಮದು ಕುಣಿ ಮಗ್ಗ. ನೆಲದಲ್ಲಿ ತೋಡಿದ ಕುಣಿಗೆ ಕಾಲು ಇಳಿಬಿಟ್ಟು, ಕೆಳಗಿನ ಹಲಗೆ ತುಳಿಯುತ್ತ ನೇಯಬೇಕು. ಕುಣಿಯ ಮುಕ್ಕಾಲು ಭಾಗ ಮಗ್ಗದ ಅಡಿಗೇ ಇರುತ್ತದೆ. ಒಳಗೆ ಇಳಿಯಲು ಇರುವ ಬಾಯಿ ಒಂದೇ, ನೇಯುವವರು ಕೂಡುವ ಜಾಗ. ನಾಲ್ಕು ಮರಿಗಳನ್ನು ಹಲಗೆಯ ಆಚೆಯ ಮೂಲೆಗೆ ಒತ್ತಿಕೊಂಡು ಮಲಗಿತ್ತು ಜಾಣೆ. ಬಾಯಿಗೆ ಗಂಡಸೊಬ್ಬ ದಿನವಿಡೀ ಕೂತಿರುತ್ತಾನೆ ಎಂಬ ಲೆಕ್ಕ ಹಾಕಿತ್ತೋ ಏನೋ.

"ಇದನ್ನ ಎತ್ತಿ ಬ್ಯಾರೆ ಕಡೆ ಇಡು," ಅಂದರು ನನ್ನ ಗಂಡ. "ತುಳಿಯೂದು ಹೆಂಗ ನಾ?"

"ಮೆತ್ತಗ ತುಳೀರಿ. ಕಣ್ಣ ತೆರೀಲಿ, ಆಮ್ಯಾಲ ನೋಡೂಣು."

ಗೊಣಗಿದರು. ಆದರೆ ಮರುದಿನದಿಂದ ಹಲಗೆಯ ತುದಿಯನ್ನಷ್ಟೇ ಹೆಬ್ಬೆರಳಿನಿಂದ ಒತ್ತುತ್ತ ನೇಯತೊಡಗಿದರು. ಎರಡು ದಿನಕ್ಕೆ ಆಗುವ ನೇಯ್ಗೆ ನಾಲ್ಕು ದಿನ ಹಿಡಿಯಿತು. ನಾನು ಪಕ್ಕದಲ್ಲಿ ಕೂತು ಲಾಳಿಗೆ ಬೇಕಾದ ಕಂಡಿಕೆಗಳಿಗೆ ನೂಲು ಸುತ್ತುತ್ತಿದ್ದೆ. ಗಡವ ದಿನಕ್ಕೆರಡು ಸಲ ಮಾಳಿಗೆಯ ಮೇಲೆ ಬಂದು, ಮಗ್ಗದ ಕೋಣೆಯ ಸೂರಿನಲ್ಲಿ ಬಿಟ್ಟ ಬೆಳಕಿಂಡಿಯಿಂದ ಮುಖ ಇಳಿಬಿಟ್ಟು, ಕೆಳಗೆ ಮನುಷ್ಯರಿರುವುದನ್ನು ನೋಡಿ ಹೋಗುತ್ತಿದ್ದ. ಅವನಿಗೆ ಅವಸರವಿರಲಿಲ್ಲ.

ಹನ್ನೊಂದನೆಯ ದಿನ ನನ್ನ ಗಂಡ ಗುಡೂರಿಗೆ ಹೋಗಬೇಕಾಯಿತು. ಅಲ್ಲಿ ಅವರ ಅಕ್ಕನಿಗೆ ಹುಷಾರಿರಲಿಲ್ಲ. ಚಪ್ಪಲಿ ಮೆಟ್ಟುತ್ತ ಅಂದರು, "ಸಂಜಿಕ ಬರ್ತೇನಿ. ಕುಣಿ ಬಿಟ್ಟು ಏಳಬ್ಯಾಡ."

"ನನಗ ಹೇಳಿಕೊಡಬ್ಯಾಡ್ರಿ," ಅಂದೆ.

ಮಧ್ಯಾಹ್ನದ ತನಕ ಏಳಲಿಲ್ಲ. ಕುಣಿಯ ಬಾಯಿಗೆ ಕಾಲು ಇಳಿಬಿಟ್ಟು ಕೂತೆ. ರೊಟ್ಟಿಯನ್ನೂ ಅಲ್ಲೇ ತಿಂದೆ. ಮರಿಗಳು ನನ್ನ ಹಿಮ್ಮಡಿಗೆ ಮೂಗು ತಿಕ್ಕಿ ವಾಪಸು ಹೋಗುತ್ತಿದ್ದವು. ಆಗ ಮಾಳಿಗೆಯ ಮೇಲೆ ಧಪ್ ಅಂದಿತು. ತಲೆ ಎತ್ತಿದರೆ ಬೆಳಕಿಂಡಿಯ ತುಂಬ ಅವನ ಮುಖ. ಕೈಗೆ ಸಿಕ್ಕ ಕಂಡಿಕೆ ಎಸೆದೆ. ಮುಖ ಹಿಂದೆ ಸರಿಯಿತು. ಎರಡು ನಿಮಿಷ ಬಿಟ್ಟು ಮತ್ತೆ ಬಂತು. ಮತ್ತೆ ಎಸೆದೆ. ಮೂರನೆಯ ಸಲ ಅವನು ಸರಿಯಲೇ ಇಲ್ಲ. ಕಣ್ಣು ಪಿಳುಕಿಸದೆ ನನ್ನನ್ನೇ ನೋಡುತ್ತ ಕೂತ.

ನನ್ನ ತಲೆ ಕೆಟ್ಟಿತು. ಮೊದಲೇ ನನ್ನ ಸಿಟ್ಟು ಮೂಗಿನ ತುದಿಯಲ್ಲಿ ಇರುವಂಥದ್ದು. ಇವತ್ತು ಇದನ್ನು ಮುಗಿಸಿಯೇ ಬಿಡುತ್ತೇನೆ ಎಂದು ಎದ್ದೆ. ಮಳೆ ಬಂದಾಗ ಬೆಳಕಿಂಡಿಗೆ ಮುಚ್ಚುವ ಫರಸಿ ಕಲ್ಲು ಮಾಳಿಗೆಯ ಮೇಲೇ ಇರುತ್ತದೆ. ಹಿತ್ತಲಿಗೆ ಹೋಗಿ ನಿಚ್ಚಣಿಕೆ ತಂದು, ಹೊರಗೋಡೆಗೆ ಒರಗಿಸಿ, ಸೀರೆ ಎತ್ತಿ ಕಟ್ಟಿ ಹತ್ತಿದೆ. ಮೇಲೆ ಅವನಿರಲಿಲ್ಲ. ಸುತ್ತ ನೋಡಿದೆ, ಸಾಲು ಮಾಳಿಗೆಗಳ ಮೇಲೆ ಎಲ್ಲೂ ಇರಲಿಲ್ಲ. ಹೆದರಿ ಓಡಿದ ಅಂದುಕೊಂಡೆ. ಬೆಳಕಿಂಡಿಯೊಳಗೆ ಬಗ್ಗಿಯೂ ನೋಡಿದೆ. ನೆತ್ತಿಯ ಬಿಸಿಲಿಗೆ ಕಣ್ಣು ಕೋರೈಸಿ ಒಳಗೆ ಕತ್ತಲೆ ಬಿಟ್ಟು ಬೇರೇನೂ ಕಾಣಲಿಲ್ಲ. ಫರಸಿ ಎಳೆದು ಮುಚ್ಚಿದೆ. ಮೇಲೊಂದು ಕಲ್ಲು ಹೇರಿದೆ. ಇಳಿದು ಬಂದು, ಒಳಗೆ ಇಣುಕದೆ ಮನೆಯ ಬಾಗಿಲಿಗೆ ಬೀಗ ಜಡಿದು, ಕೀಲಿ ಸೊಂಟಕ್ಕೆ ಸಿಕ್ಕಿಸಿ, ನೆಟ್ಟಗೆ ಚಾಚಿಯ ಮನೆಗೆ ಜಗಳಕ್ಕೆ ಹೋದೆ.

ಚಾಚಿ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ ಕೂತಿದ್ದರು.

"ಚಾಚಿ, ನೀವು ಅವಗ ಉಣ್ಣಾಕ ಹಾಕೂದು ಬಿಡ್ರಿ," ಅಂದೆ. "ನೀವು ಸಾಕೂದು, ನಾ ಮರಿ ಹುಗಿಯೂದು, ಎಷ್ಟ ದಿನ ಇದು?"

"ಬಾಗಲಕ ಬಂದದ್ದಕ್ಕ ಇಲ್ಲಂತ ಹೆಂಗ ಅನ್ನಲಿ, ಬೇಟಿ? ಹೊಟ್ಟಿ ತುಂಬಿದ್ರ ನಿಮ್ಮ ಕಡೆ ಬರಾಂಗಿಲ್ಲ ಅಂತ ನಾ ತಿಳದೇನಿ."

"ಹೊಟ್ಟಿಗಂತ ಕೊಲ್ಲೂದಿಲ್ಲ ಅದು. ಸೊಕ್ಕಿಗಿ ಕೊಲ್ತೈತಿ."

ಬೆಳಕಿಂಡಿ ಮುಚ್ಚಿ ಕಲ್ಲು ಹೇರಿ ಬಂದದ್ದನ್ನು ಹೇಳಿ, ಇನ್ನೂ ಬಹಳ ಅಂದೆ. ಅನ್ನಬಾರದ್ದನ್ನೂ ಅಂದೆ, ಬಾಣಂತನದ ಬಿಸಿನೀರನ್ನು ಮರೆತು ಅಂದೆ. ಚಾಚಿ ಅಕ್ಕಿಯಲ್ಲಿ ಬೆರಳಾಡಿಸುತ್ತಿದ್ದರು. ಕೊನೆಗೆ ಗೋಡೆಯ ಕಡೆ ನೋಡಿ ಮೆಲ್ಲಗೆ ಅಂದರು, "ಇವತ್ತ ಉಣ್ಣಾಕೂ ಬಂದಿಲ್ಲ ಅವ. ನೋಡು, ಬಟ್ಟಲ ಹಂಗ ಐತಿ. ಈಗಿನ್ನ ನಿಮ್ಮ ಮಾಳಗಿ ಮ್ಯಾಲೆ ಇದ್ದ. ಅಲ್ಲಿಂದ ಈ ಕಡೆ ಇಳಿದೇ ಇಲ್ಲ."

ಗೋಡೆಯ ಬುಡದಲ್ಲಿ ಹಾಲನ್ನದ ಬಟ್ಟಲು ತುಂಬಿದ ಹಾಗೇ ಇತ್ತು. ನಾನು ನಿಚ್ಚಣಿಕೆ ತರಲು ಹಿತ್ತಲಿಗೆ ಹೋದಾಗ ಕುಣಿಯ ಬಾಯಿ ಬರಿದಾಗಿತ್ತು. ಅವನು ಕಾಯುತ್ತಿದ್ದದ್ದು ಅದನ್ನೇ. ನಾನು ಮೇಲೆ ಹತ್ತುವಷ್ಟರಲ್ಲಿ ಅವನು ಕೆಳಗೆ ಹಾರಿದ್ದ. ಅವನನ್ನು ಒಳಗೆ ಹಾಕಿ ನಾನೇ ಮುಚ್ಚಿ, ನಾನೇ ಬೀಗ ಜಡಿದು ಬಂದಿದ್ದೆ.

ಓಡಿದೆ. ಸೊಂಟದ ಕೀಲಿ ಓಣಿಯಲ್ಲೇ ಬಿತ್ತು, ತಿರುಗಿ ಬಂದು ಹುಡುಕಿದೆ. ಬೀಗಕ್ಕೆ ಕೀಲಿ ಎರಡು ಸಲ ತಪ್ಪಿ, ಮೂರನೆಯ ಸಲ ಕೂಡಿತು. ಒಳಗಿನಿಂದ ಬರುತ್ತಿದ್ದ ದನಿ ನಮ್ಮ ಬೆಕ್ಕಿನದೋ ಅವನದೋ ತಿಳಿಯಲಿಲ್ಲ. ಬಾಗಿಲು ತೆರೆದು ಮಗ್ಗದ ಕೋಣೆಗೆ ಬಂದರೆ ಏನೂ ಕಾಣುತ್ತಿಲ್ಲ. ಆ ಕೋಣೆಗೆ ಬೆಳಕು ಅಂದರೆ ಬೆಳಕಿಂಡಿ ಒಂದೇ. ಕಾಲಿಡಲು ಹೆದರಿದೆ, ಮರಿಯ ಮೇಲೆ ಬಿದ್ದರೆ ಏನು ಗತಿ? ಹೊಸ್ತಿಲಲ್ಲೇ ನಿಂತು, ಕತ್ತಲೆಯೊಳಗೆ ನೂಲು ಪಟ್ ಪಟ್ ಹರಿಯುವುದನ್ನು ಕೇಳಿದೆ.

ತಲೆಯ ಮೇಲೆ ಕಲ್ಲು ಉರುಳಿತು. ಫರಸಿ ಕರ್ ಎಂದು ಸರಿಯಿತು. ಮೊಣಕಾಲು ನೋವಿನ ಚಾಚಿ ತಮ್ಮ ಮೆಟ್ಟಿಲು ಹತ್ತಿ, ಮಾಳಿಗೆ ದಾಟಿ ಬಂದಿದ್ದರು.

ಬೆಳಕು ಮಗ್ಗದ ಮೇಲೆ ಬಿತ್ತು. ಅರ್ಧ ನೇಯ್ದ ಸೀರೆಯ ಆಚೆ, ಉದ್ದಕ್ಕೆ ಬಿಗಿದ ಹಾಸಿನ ಎಳೆಗಳಲ್ಲಿ ನಾಲ್ಕೂ ಕಾಲು ಸಿಕ್ಕಿಕೊಂಡು ಗಡವ ಒದ್ದಾಡುತ್ತಿದ್ದ. ಹೊರಗೆ ಹೋಗಲು ದಾರಿ ಸಿಗದೆ ಅವನಿಗೂ ಹುಚ್ಚು ಹಿಡಿದಿತ್ತು. ಒಂದು ಸಲ ಕೊಡವಿ, ಎಳೆ ಹರಿದುಕೊಂಡು, ನನ್ನ ಕಾಲ ಸಂದಿಯಿಂದ ಹೊರಗೋಡಿದ. ಕುಣಿಯ ಬಾಯಲ್ಲಿ, ನಾನು ಕೂತಿರಬೇಕಿದ್ದ ಜಾಗದಲ್ಲಿ, ನಮ್ಮ ಬೆಕ್ಕು ಬೆನ್ನು ಎತ್ತಿ ನಿಂತಿತ್ತು. ಕಿವಿಯಿಂದ ರಕ್ತ ಸೋರುತ್ತಿತ್ತು. ಅದರ ಹಿಂದೆ ಮೂರು ಮರಿ ಚೀರುತ್ತಿದ್ದವು. ನಾಲ್ಕನೆಯದು ಕುಣಿಯ ಅಂಚಿನಲ್ಲಿ ಬಿದ್ದಿತ್ತು, ಬಿಳಿಯದು. ಕೈಗೆ ತೆಗೆದುಕೊಂಡರೆ ಇನ್ನೂ ಬೆಚ್ಚಗಿತ್ತು.

ಚಾಚಿ ಬಂದು ನನ್ನ ಪಕ್ಕ ನೆಲದ ಮೇಲೆ ಕೂತರು. "ನಂದೂ ತಪ್ಪೈತಿ," ಅಂದರು. ಅವರದೇನೂ ಇರಲಿಲ್ಲ. ನಾನು ಅವರ ಮಡಿಲಿಗೆ ತಲೆ ಇಟ್ಟು ಅತ್ತೆ.

ಸಂಜೆ ಬಸ್ಸಿಗೆ ನನ್ನ ಗಂಡ ಬಂದರು. ಹರಿದ ಹಾಸು ನೋಡಿದರು, ನನ್ನ ಮುಖ ನೋಡಿದರು.

"ಎಷ್ಟ ಉಳದಾವ?"

"ಮೂರು."

ಎರಡು ದಿನ ಕೂತು ಹರಿದ ಎಳೆಗಳಿಗೆ ಒಂದೊಂದಾಗಿ ಗಂಟು ಹಾಕಿದರು. ಕುಣಿ ಬಿಟ್ಟು ಏಳಬೇಡ ಅಂತ ನಿನಗೆ ಹೇಳಿರಲಿಲ್ಲವೇ ಎಂದು ಒಂದು ಸಲವಾದರೂ ಬೈದಿದ್ದರೆ ನಾನೂ ಎದುರು ಮಾತಾಡಿ ಹಗುರಾಗುತ್ತಿದ್ದೆ. ಬೈಯಲಿಲ್ಲ.

ಮುಂದಿನ ವಾರ ಗಡವನನ್ನು ಚೀಲಕ್ಕೆ ಹಾಕಿದ್ದು ಚಾಚಿಯೇ. ಅವರೊಬ್ಬರ ಕೈಗೆ ಮಾತ್ರ ಅವನು ಬರುತ್ತಿದ್ದ. ಬಾಗಲಕೋಟೆಯ ದನದ ದವಾಖಾನೆಯ ತನಕ, ನಮ್ಮಿಬ್ಬರ ನಡುವಿನ ಸೀಟಿನಲ್ಲಿ ಕೂತು ಬಸ್ಸಿನವರೆಲ್ಲ ತಿರುಗಿ ನೋಡುವ ಹಾಗೆ ಕಿರುಚಿದ. ಕಂಡಕ್ಟರು ಅವನಿಗೂ ಟಿಕೆಟ್ ಬೇಕು ಅಂದ. ಬೀಜ ತೆಗೆಸಿಕೊಂಡು ಬಂದ ಮೇಲೆ ತಿಂಗಳೊಪ್ಪತ್ತಿಗೆ ಅವನ ಸೊಕ್ಕು ಇಳಿಯಿತು. ಈಗ ಚಾಚಿಯ ಗೋಡೆಯ ಮೇಲೆ ಬಿಸಿಲಿಗೆ ಮೈ ಚೆಲ್ಲಿ ಬಿದ್ದಿರುತ್ತಾನೆ. ನಮ್ಮ ಮರಿಗಳು ಬೆಳೆದು ಅವನ ಬಟ್ಟಲಿಗೇ ಬಾಯಿ ಹಾಕುತ್ತವೆ.

ಆದರೂ ಮಳೆ ಹನಿಯತೊಡಗಿದರೆ ನಾನು ಒಮ್ಮೆಲೇ ಮಾಳಿಗೆ ಹತ್ತುವುದಿಲ್ಲ. ನೂಲಿನ ಮೇಲೆ ನೀರು ಬೀಳುತ್ತಿರುತ್ತದೆ, ನನ್ನ ಗಂಡ ಮಗ್ಗಕ್ಕೆ ಪ್ಲಾಸ್ಟಿಕ್ ಹೊದಿಸುತ್ತ ಕೂಗುತ್ತಾರೆ, "ಫರಸಿ ಎಳಿಯಬೇಕಲ್ಲ."

"ತಡೀರಿ, ಎಣಸ್ತೇನಿ."

ಅವರು ತಡೆಯುತ್ತಾರೆ. ಪಕ್ಕದ ಮಾಳಿಗೆಯಿಂದ ಚಾಚಿಯ ದನಿ ಬರುತ್ತದೆ, "ಅವ ಇಲ್ಲೇ ಅದಾನ, ಮುಚ್ಚು ಬೇಟಿ." ನಾನು ಕುಣಿಯಲ್ಲಿ ಬಗ್ಗಿ, ಕೋಣೆಯ ಮೂಲೆ ಮೂಲೆ ನೋಡಿ ಎಣಿಸುತ್ತೇನೆ. ತಾಯಿ ಒಂದು, ಮರಿ ಮೂರು. ನಾಲ್ಕಕ್ಕೆ ಎಣಿಕೆ ಮುಗಿಯಬೇಕು. ಬೆರಳು ಮಾತ್ರ ಪ್ರತಿ ಸಲ ಐದನೆಯದಕ್ಕೆ ಏಳುತ್ತದೆ. ಅದನ್ನು ಮಡಚಿಕೊಂಡು ನಿಚ್ಚಣಿಕೆ ಹತ್ತುತ್ತೇನೆ.