ಅಜ್ಜಿ ಅನ್ನಿಸು ಎಂದು ಬೇಡಿದೆ, ಖೋ ಅನ್ನಿಸಿದ

ನನ್ನ ಮಗಳು ರೇಖಾ ತೀರಿಕೊಂಡ ದಿನವೇ ಮೊಮ್ಮಗಳು ವರ್ಷಾ ಮಾತು ಬಿಟ್ಟಳು. ಹರಿಹರೇಶ್ವರನಿಗೆ ನಡೆದುಕೊಳ್ಳುವ ಬಂಧುಗಳೇ, ಮೊದಲನೆಯ ಸಂಕಟಕ್ಕೆ ಪರಿಹಾರವಿಲ್ಲ. ಎರಡನೆಯದಕ್ಕೆ ಸ್ವಾಮಿ ಏನು ಮಾಡಿದ ಎಂಬುದನ್ನು ಲೋಕಿಕೆರೆಯ ಗಿರಿಜಮ್ಮನಾದ ನಾನು ನಿಮ್ಮ ಮುಂದೆ ಹೇಳಿಕೊಳ್ಳುತ್ತಿದ್ದೇನೆ.

ಹೋದ ವರ್ಷದ ಆಷಾಢದಲ್ಲಿ ರೇಖಾಗೆ ಜ್ವರ ಬಂತು. ಹರಿಹರದಲ್ಲಿ ತೋರಿಸಿದರು, ಇಳಿಯಲಿಲ್ಲ. ಪ್ಲೇಟ್‌ಲೆಟ್ ಕಡಿಮೆಯಾಗಿದೆ ಎಂದು ದಾವಣಗೆರೆಯ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಸುದ್ದಿ ತಿಳಿದು ನಾನು ಉಟ್ಟ ಸೀರೆಯಲ್ಲೇ ಬಸ್ ಹತ್ತಿ ಬಂದೆ. ಒಳಗಿನ ವಾರ್ಡಿಗೆ ಸಾಗಿಸುವಾಗ ವರ್ಷಾ ಸ್ಟ್ರೆಚರ್ ಹಿಡಿದುಕೊಂಡು ಕಿರುಚಿ ಕಿರುಚಿ ಅತ್ತಳು. ರೇಖಾ ಮೆಲ್ಲಗೆ ಅವಳ ಕೈ ಬಿಡಿಸಿ, "ಸುಮ್ನಿರು ಮಗಾ, ಈಗ ಬರ್ತೀನಿ" ಅಂದಳು. ಬರಲಿಲ್ಲ. ಅವ್ವ ಹೇಳಿದ ಕೊನೆಯ ಮಾತನ್ನು ಆ ಕೂಸು ಹಾಗೇ ಪಾಲಿಸಿತು. ಮಣ್ಣು ಮಾಡುವಾಗಲೂ ಅಳಲಿಲ್ಲ.

ಅಳಿಯ ಗುತ್ತೂರಿನ ಕಡೆ ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸ ಮಾಡುವವನು. ಮಗುವನ್ನು ನೋಡಿಕೊಳ್ಳಲು ನಾನು ಹರಿಹರದ ಅವರ ಮನೆಗೇ ಬಂದು ನಿಂತೆ. ಡಾಕ್ಟರು ವರ್ಷಾಳ ಗಂಟಲಿಗೆ ಬ್ಯಾಟರಿ ಬಿಟ್ಟು ನೋಡಿ, "ಗಂಟಲಾಗೆ ಏನೂ ತೊಂದರೆ ಇಲ್ಲಮ್ಮ, ಮನಸ್ಸಿಗೆ ಪೆಟ್ಟು ಬಿದ್ದೈತೆ, ಟೈಮ್ ಕೊಡ್ರಿ" ಅಂದರು. ಶಾಲೆಯಲ್ಲಿ ಮುಂದಿನ ಸಾಲಿನಲ್ಲಿ ಕೂತು ಪಟಪಟ ಉತ್ತರ ಹೇಳುತ್ತಿದ್ದ ಹುಡುಗಿ ಕೊನೆಯ ಬೆಂಚು ಸೇರಿದಳು. ಪರೀಕ್ಷೆಯಲ್ಲಿ ಹೆಸರು ಬರೆದು ಖಾಲಿ ಹಾಳೆ ಕೊಟ್ಟು ಬಂದಳಂತೆ.

ಪ್ರತಿ ಸೋಮವಾರ ಗುಡಿಗೆ ಹೋಗುತ್ತಿದ್ದೆ. ಒಂದೇ ಬೇಡಿಕೆ. ಮಗಳನ್ನಂತೂ ಕರಕೊಂಡೆ, ಈ ಕೂಸಿನ ಬಾಯಲ್ಲಿ ಒಂದು ಸಲ "ಅಜ್ಜಿ" ಅನ್ನಿಸು. ತಿಂಗಳುಗಳು ಕಳೆದವು. ಒಂದು ದಿನ ಸಿಟ್ಟು ನೆತ್ತಿಗೇರಿತು. ನನ್ನ ಬಾಯಿಯೂ ಸಣ್ಣದಲ್ಲ. "ಅರ್ಧ ಹರಿ, ಅರ್ಧ ಹರ, ಒಂದೇ ಕಲ್ಲಾಗೆ ಇಬ್ರು ನಿಂತೀರಿ. ಒಬ್ಬರಿಗಾದ್ರೂ ಕಿವಿ ಕೇಳಬಾರ್ದಾ?" ಎಂದು ಗರ್ಭಗುಡಿಯ ಮುಂದೆಯೇ ಕೇಳಿಬಿಟ್ಟೆ. ತೀರ್ಥ ಕೊಡುತ್ತಿದ್ದ ಅರ್ಚಕರು ನನ್ನ ಮುಖ ನೋಡಿದರು, ಬೈಯಲಿಲ್ಲ. ನಾನು ಅಳುತ್ತಾ ಮನೆಗೆ ಬಂದೆ.

ಅದೇ ವಾರ ಶಾಲೆಯ ಪಿ.ಟಿ. ಮಿಸ್ ಮನೆಗೆ ಬಂದರು. "ಅಜ್ಜಿ, ನಿಮ್ಮ ಹುಡುಗಿ ಗಾಳಿ ಹೋದಂಗೆ ಓಡ್ತಾಳೆ. ಖೋ ಖೋ ಟೀಮಿಗೆ ಕಳಸ್ರಿ" ಅಂದರು.

ಅಳಿಯನಿಗೆ ರೇಗಿತು. "ಓದೇ ಹಾಳಾಗೈತೆ, ಇನ್ನ ಆಟ ಬೇರೆ ಬ್ಯಾಡ್ರಿ ಮೇಡಂ. ಟ್ಯೂಷನ್ನಿಗೆ ಹಾಕ್ತೀನಿ."

"ಟ್ಯೂಷನ್ನಾಗೆ ಬಾಯಿ ಬೇಕಲ್ರಿ. ಇಲ್ಲಿ ಕಾಲಿದ್ರೆ ಸಾಕು."

ಅಳಿಯ ಒಪ್ಪಿದ. ಮಿಸ್ ಹೇಳಿದ್ದು ಅರ್ಧ ಸುಳ್ಳೆಂದು ನನಗೆ ಮೈದಾನಕ್ಕೆ ಹೋದ ಮೇಲೆ ತಿಳಿಯಿತು. ಅಟ್ಟಿಸಿಕೊಂಡು ಹೋಗುವವಳು ಸಾಲಿನಲ್ಲಿ ಕೂತವಳ ಬೆನ್ನು ಮುಟ್ಟಿ "ಖೋ" ಎಂದು ಗಟ್ಟಿಯಾಗಿ ಹೇಳಬೇಕು. ಆಗ ಕೂತವಳು ಎದ್ದು ಓಡಬೇಕು, ಖೋ ಕೊಟ್ಟವಳು ಆ ಜಾಗದಲ್ಲಿ ಕೂರಬೇಕು. ಬಾಯಿ ಬಿಡದಿದ್ದರೆ ಫೌಲ್. ವರ್ಷಾ ಬೆನ್ನು ಮುಟ್ಟುವಳು, ತುಟಿ ತೆರೆಯಳು, ಸೀಟಿ ಬೀಳುವುದು. "ಮಿಸ್, ಇವಳಿಂದ ದಿನಾ ಫೌಲ್ ಆಗ್ತೈತೆ" ಎಂದು ಹುಡುಗಿಯರು ದೂರುತ್ತಿದ್ದರು. "ಆಗ್ಲಿ ಬಿಡ್ರೇ, ಕಾಲು ಬಂದೈತೆ, ಬಾಯಿನೂ ಬರ್ತೈತೆ" ಎಂದು ಮಿಸ್ ಸುಮ್ಮನಾಗಿಸುತ್ತಿದ್ದರು. ಬರಬರುತ್ತಾ ಆ ಮಕ್ಕಳೇ ಅವಳ ಪರವಾಗಿ "ಖೋ" ಎಂದು ಒಟ್ಟಿಗೆ ಕೂಗತೊಡಗಿದರು. ಆಟ ಮುಗಿಸಿ ಬಂದರೆ ವರ್ಷಾಗೆ ಹಸಿವಾಗುತ್ತಿತ್ತು, ನಿದ್ದೆ ಬರುತ್ತಿತ್ತು. ಟೀಮಿನ ಹುಡುಗಿಯರು ನಮ್ಮ ಜಗಲಿಯಲ್ಲೇ ಕೂತು ಅವಳಿಂದ ಲೆಕ್ಕ ಬಿಡಿಸುತ್ತಿದ್ದರು. ಮಾತು ಮಾತ್ರ ಇಲ್ಲ.

ಈ ವರ್ಷ ಶ್ರಾವಣ ಸೋಮವಾರದಂದೇ ದಾವಣಗೆರೆಯಲ್ಲಿ ಪಂದ್ಯ. ಬೆಳಗ್ಗೆ ಗುಡಿಗೆ ಹೋಗಿ, ಹರನ ಬಿಲ್ವಪತ್ರೆ, ಹರಿಯ ತುಳಸಿ ಎರಡನ್ನೂ ಸೆರಗಿಗೆ ಕಟ್ಟಿಕೊಂಡು ಮಕ್ಕಳ ಜೊತೆ ಬಸ್ ಹತ್ತಿದೆ. ಬಸ್ ಆ ಆಸ್ಪತ್ರೆಯ ಮುಂದೆಯೇ ಹಾದುಹೋಯಿತು. ನಾನು ಮುಖ ತಿರುಗಿಸಿದೆ. ವರ್ಷಾ ಮಾತ್ರ ಕಟ್ಟಡ ಮರೆಯಾಗುವವರೆಗೂ ನೋಡಿದಳು.

ಪಂದ್ಯದಲ್ಲಿ ಆದಷ್ಟೂ ಅವಳಿಗೆ ಖೋ ಕೊಡಬೇಡಿ ಎಂದು ಮಿಸ್ ಉಳಿದವರಿಗೆ ಹೇಳಿದ್ದರಂತೆ. ಆದರೆ ಅವಸರದಲ್ಲಿ ಒಬ್ಬಳು ಕೊಟ್ಟೇಬಿಟ್ಟಳು. ವರ್ಷಾ ಎದ್ದಳು, ಓಡಿದಳು. ಎದುರಾಳಿ ಹುಡುಗಿ ಸಾಲಿನ ನಡುವೆ ನುಸುಳಿ ಆಚೆ ಹೋದಳು. ಇನ್ನು ಬೇರೆಯವಳನ್ನು ಎಬ್ಬಿಸಲೇಬೇಕು. ವರ್ಷಾ ಬೆನ್ನು ಮುಟ್ಟಿದಳು. ನಾನು ಸೆರಗಿನ ಗಂಟು ಹಿಡಿದು ಕಣ್ಣು ಮುಚ್ಚಿ ಸೀಟಿಗೆ ಕಾದೆ.

ಸೀಟಿ ಬೀಳಲಿಲ್ಲ.

ಮಿಸ್ ಓಡಿ ಬಂದು ನನ್ನ ಭುಜ ಅಲುಗಿಸಿದರು. "ಅಂದ್ಳ್ರಿ ಅಜ್ಜಿ! ಖೋ ಅಂದ್ಳು!" ಆ ಗದ್ದಲದಲ್ಲಿ ನನ್ನ ಕಿವಿಗೆ ಬಿದ್ದಿರಲಿಲ್ಲ.

ಪಂದ್ಯ ಸೋತೆವು. ಬಸ್ಸಿನಲ್ಲಿ "ವರ್ಷಾ, ಏನಾದ್ರೂ ಅನ್ನೇ" ಎಂದು ಅಂಗಲಾಚಿದೆ. ಕಿಟಕಿಯ ಕಡೆ ತಿರುಗಿಕೊಂಡಳು. ಸಂಜೆ ಅಡುಗೆಮನೆಯಲ್ಲಿ ರೊಟ್ಟಿಗೆ ಹಿಟ್ಟು ನಾದುತ್ತಾ ಕೂತೆ. ರೇಖಾ ಕೂತು ರೊಟ್ಟಿ ಬಡಿಯುತ್ತಿದ್ದ ಜಾಗ ಅದು. ದುಃಖ ತಡೆಯಲಾಗಲಿಲ್ಲ. ಮಗಳೂ ಇಲ್ಲ, ಮೊಮ್ಮಗಳ ದನಿಯೂ ನನಗಿಲ್ಲ ಎಂದು ಗೋಡೆಗೆ ಮುಖ ಮಾಡಿ ಅತ್ತೆ.

ಬೆನ್ನ ಮೇಲೆ ಒಂದು ಕೈ ಬಿತ್ತು.

"ಖೋ."

ದನಿ ಒಡೆದಿತ್ತು. ನಾನು ಅಲುಗಾಡಲಿಲ್ಲ.

"ಖೋ ಕೊಟ್ರೆ ಏಳ್ಬೇಕು ಅಜ್ಜಿ."

ಎದ್ದೆ. ಆಟದ ನಿಯಮದಂತೆ ವರ್ಷಾ ಆ ಜಾಗದಲ್ಲಿ, ಅವಳವ್ವನ ಜಾಗದಲ್ಲಿ ಕೂತಳು. ಹಿಟ್ಟಿಗೆ ಕೈ ಹಾಕಿದವಳೇ "ಅವ್ವಾ" ಎಂದು ಗೋಳೋ ಎಂದು ಅತ್ತಳು. ಆಸ್ಪತ್ರೆಯಲ್ಲಿ ನಿಂತುಹೋಗಿದ್ದ ಅಳು ಅದು. ನಾನು ತಡೆಯಲಿಲ್ಲ.

ಈಗ ತರಗತಿಯಲ್ಲಿ ಎದ್ದು ನಿಂತು ಪಾಠ ಓದುತ್ತಾಳೆ. ಖಾಲಿ ಹಾಳೆ ಕೊಡುವುದಿಲ್ಲ. ಮೊದಲಿನ ಹಾಗೆ ಪಟಪಟ ಮಾತಿಲ್ಲ, ಬರುವುದೂ ಇಲ್ಲವೇನೋ. ನಾನು ಗುಡಿಯ ಅಂಗಳದಲ್ಲಿ ಕಾದದ್ದನ್ನು ಸ್ವಾಮಿ ಆಟದ ಮೈದಾನದ ದಾರಿಯಾಗಿ ಕಳಿಸಿದ. ಬೈದದ್ದಕ್ಕೆ ಕ್ಷಮೆ ಕೇಳಿದ್ದೇನೆ. ರೇಖಾಳನ್ನು ಕರಕೊಂಡದ್ದಕ್ಕೆ ಅವನಿನ್ನೂ ನನಗೆ ಉತ್ತರ ಕೊಟ್ಟಿಲ್ಲ. ಆದರೂ ಅವನಿಗೆ ಕಿವಿ ಇದೆ ಎಂಬುದರಲ್ಲಿ ನನಗೆ ಅನುಮಾನ ಉಳಿದಿಲ್ಲ.

ಸೋಮವಾರ ಈಗ ಇಬ್ಬರೂ ಗುಡಿಗೆ ಹೋಗುತ್ತೇವೆ. ಕೈಮುಗಿದು ಮಂಟಪದಲ್ಲಿ ಕೂತರೆ ಮಗಳು ನೆನಪಾಗಿ ನನಗೆ ಏಳಲು ಮನಸ್ಸೇ ಬರುವುದಿಲ್ಲ. ಆಗ ಹಿಂದಿನಿಂದ ಆ ಪುಟ್ಟ ಕೈ ಬೆನ್ನು ಮುಟ್ಟುತ್ತದೆ. ಏಳುತ್ತೇನೆ.