ಹಿಮದ ಬೊಂಬೆಗೆ ದೃಷ್ಟಿ ತೆಗೆದದ್ದು

ಬೆಳಿಗ್ಗೆ ಪರದೆ ಸರಿಸಿದರೆ ಲಂಡನ್ನಿನ ಹ್ಯಾರೋದ ನಮ್ಮ ಬೀದಿಯೇ ಮಾಯ. ಕಾರು ಯಾವುದು, ಕಸದ ಬಿನ್ ಯಾವುದು ಗೊತ್ತಾಗದ ಹಾಗೆ ಹಿಮ ಬಿದ್ದಿತ್ತು. ಫೋನಿನಲ್ಲಿ ಶಾಲೆಯ ಮೆಸೇಜು: ಇವತ್ತು ರಜೆ. ಮಕ್ಕಳನ್ನು ಎಬ್ಬಿಸುವ ಮೊದಲು ಅಡುಗೆಮನೆಯಲ್ಲಿ ನಾನೇ ಒಂದು ಸುತ್ತು ಕುಣಿದೆ. ಡಬ್ಬಿ ಕಟ್ಟಬೇಕಾಗಿಲ್ಲ, ಕಳೆದುಹೋದ ಕಾಲುಚೀಲ ಹುಡುಕಬೇಕಾಗಿಲ್ಲ, ಯಾರ ಮೇಲೂ ಕಿರುಚಬೇಕಾಗಿಲ್ಲ! ನಾನೂ ಆಫೀಸಿಗೆ ರಜೆ ಹಾಕಿ ಲ್ಯಾಪ್‌ಟಾಪನ್ನು ದಿಂಬಿನ ಕೆಳಗೆ ತಳ್ಳಿದೆ.

ಏಳು ವರ್ಷದ ಮಗಳು, ನಾಲ್ಕು ವರ್ಷದ ಮಗ, ಮೊಮ್ಮಕ್ಕಳನ್ನು ನೋಡಲು ಮೈಸೂರಿನಿಂದ ಬಂದಿದ್ದ ಅತ್ತೆ, ನಾನು, ಎಲ್ಲರೂ ಮನೆಯ ಮುಂದೆ ಇಳಿದೆವು. ಅತ್ತೆಯದು ಸೀರೆಯ ಮೇಲೆ ನನ್ನ ಗಂಡನ ಜಾಕೆಟ್ಟು, ಕಾಲಿಗೆ ನನ್ನ ಬೂಟು. ಮೊದಲ ಹಿಮದುಂಡೆ ಬೆನ್ನಿಗೆ ಬಿದ್ದಾಗ ಮಕ್ಕಳನ್ನು ಗದರಲೆಂದು ತಿರುಗಿದೆ. ಕೈ ಒರೆಸಿಕೊಳ್ಳುತ್ತ ನಿಂತಿದ್ದವರು ಅತ್ತೆ.

ಇದ್ದದ್ದು ಒಂದೇ ಕೊರತೆ, ಮಕ್ಕಳ ಅಪ್ಪ ಇರಲಿಲ್ಲ. ನನ್ನ ಗಂಡ ಆಸ್ಪತ್ರೆಯಲ್ಲಿ ಡಾಕ್ಟರು. ರಾತ್ರಿ ಪಾಳಿ ಮುಗಿದಿದ್ದರೂ ಬೆಳಗಿನವರು ಹಿಮದಲ್ಲಿ ಸಿಕ್ಕಿಕೊಂಡಿದ್ದರಿಂದ ಅಲ್ಲೇ ಉಳಿದಿದ್ದ. ಅಪ್ಪನಿಗೆ ತೋರಿಸಲು ಹಿಮದ ಬೊಂಬೆ ಮಾಡಲೇಬೇಕೆಂದು ಮಗ ಹಟ ಹಿಡಿದ. ಮಾಡಿದೆವು. ಕಣ್ಣಿಗೆ ಖರ್ಜೂರ, ಮೂಗಿಗೆ ಹುಳಿಗೆಂದು ತೆಗೆದಿಟ್ಟಿದ್ದ ಕ್ಯಾರೆಟ್, ತಲೆಗೆ ಮಂಕಿ ಕ್ಯಾಪ್. ಅತ್ತೆ ಊರಿಂದ ಮಗನಿಗೆಂದು ಹೊತ್ತು ತಂದಿದ್ದ ಆ ಕ್ಯಾಪನ್ನು ನನ್ನ ಗಂಡ ಒಂದು ದಿನವೂ ಮುಟ್ಟಿರಲಿಲ್ಲ.

"ಅಪ್ಪ ಬರೋವರೆಗೂ ಕರಗಬೇಡ ಅಂತ ಬೊಂಬೆಗೆ ಹೇಳೋ," ಎಂದು ಮಗನಿಗೆ ಹೇಳಿದೆ. "ಡೋಂಟ್ ಮೆಲ್ಟ್!" ಎಂದಷ್ಟೇ ಅಪ್ಪಣೆ ಕೊಟ್ಟ. ಕನ್ನಡ ಎಲ್ಲ ಅರ್ಥವಾಗುತ್ತದೆ, ಬಾಯಿಂದ ಬರುವುದು ಮಾತ್ರ ಇಂಗ್ಲಿಷು.

ಎದುರುಮನೆಯ ಗುಜರಾತಿ ಅಜ್ಜ ಬಂದು ಬೊಂಬೆಯ ಫೋಟೋ ತೆಗೆದರು. ನಾಯಿ ಹಿಡಿದು ಬಂದ ಹೆಂಗಸು, ಇಡೀ ಬೀದಿಯಲ್ಲಿ ಇಷ್ಟು ಚೆಂದದ್ದು ಇನ್ನೊಂದಿಲ್ಲ ಎಂದಳು. ಅತ್ತೆಯ ಮುಖ ಸಣ್ಣಗಾಯಿತು.

"ಇಷ್ಟು ಜನರ ಕಣ್ಣು ಬಿದ್ರೆ ಉಳಿಯುತ್ತೇನೇ ಇದು? ಮಗು ಅಪ್ಪಂಗೆ ತೋರಿಸ್ಬೇಕು ಅಂತ ಕಾಯ್ತಿದೆ. ತಾಳು, ದೃಷ್ಟಿ ತೆಗೀತೀನಿ."

ಹಿಡಿ ತುಂಬ ಕಲ್ಲುಪ್ಪು, ಸಾಸಿವೆ, ಒಣಮೆಣಸಿನಕಾಯಿ ತಂದು ಬೊಂಬೆಗೆ ಮೂರು ಸಲ ನಿವಾಳಿಸಿದರು. ಆಮೇಲೆ ಅದನ್ನು ಬೆಂಕಿಗೆ ಹಾಕುವುದು ಪದ್ಧತಿ. ಆದರೆ ಹಿಂದಿನ ವಾರ ಮೊಮ್ಮಗನಿಗೆ ದೃಷ್ಟಿ ತೆಗೆದು ಒಲೆಯ ಮೇಲೆ ಮೆಣಸಿನಕಾಯಿ ಸುಟ್ಟಾಗ ಸ್ಮೋಕ್ ಅಲಾರಂ ಬೀದಿಯನ್ನೆಲ್ಲ ಎಬ್ಬಿಸಿತ್ತು.

"ಬೆಂಕಿ ಬೇಡ ಅತ್ತೆ, ಅಲ್ಲೇ ಅದರ ಬುಡಕ್ಕೆ ಹಾಕ್ಬಿಡಿ," ಎಂದವಳು ನಾನೇ. ಇರಲಿ ಅಂತ ಇನ್ನೊಂದು ಹಿಡಿ ಉಪ್ಪು ತಂದುಕೊಟ್ಟವಳೂ ನಾನೇ. ಇಲ್ಲಿನ ನಗರಸಭೆಯವರು ಪ್ರತಿ ಚಳಿಗಾಲ ರಸ್ತೆಗೆ ಉಪ್ಪು ಯಾಕೆ ಸುರಿಯುತ್ತಾರೆ ಅಂತ ಒಂದು ಕ್ಷಣವೂ ಹೊಳೆಯಲಿಲ್ಲ.

ಒಳಗೆ ಹೋಗಿ ಬಿಸಿಬಿಸಿ ಈರುಳ್ಳಿ ಬಜ್ಜಿ ತಿಂದು ಬಂದರೆ ಬೊಂಬೆ ಯಾರಿಗೋ ನಮಸ್ಕಾರ ಮಾಡುವ ಹಾಗೆ ಮುಂದಕ್ಕೆ ಬಾಗಿತ್ತು. ನೋಡನೋಡುತ್ತಲೇ ಬೋರಲು ಬಿತ್ತು.

"ಅಜ್ಜೀ, ಸಾಲ್ಟ್ ಮೆಲ್ಟ್ಸ್ ಸ್ನೋ!" ಎಂದು ಮಗಳು ಹಣೆ ಹಣೆ ಚಚ್ಚಿಕೊಂಡಳು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನನಗೆ ನಗು ಉಕ್ಕಿತು, ಅತ್ತೆಗೂ ಉಕ್ಕಿತು, ಇಬ್ಬರೂ ಮೆಟ್ಟಿಲ ಮೇಲೆ ಕುಸಿದು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಮಗ ಮಾತ್ರ ಕ್ಯಾರೆಟ್ಟನ್ನು ಎದೆಗೆ ಅವಚಿಕೊಂಡು ತುಟಿ ಅದುರಿಸುತ್ತ ನಿಂತಿದ್ದ. ಅವನನ್ನು ನೋಡಿ ನಗು ನಿಲ್ಲಿಸಿ ಎದ್ದೆ.

ಅಷ್ಟರಲ್ಲಿ ಗೇಟು ಕಿರುಗುಟ್ಟಿತು. ಬಸ್ಸಿಲ್ಲದೆ, ಮತ್ತೆ ಶುರುವಾದ ಹಿಮದಲ್ಲಿ ಸ್ಟೇಷನ್ನಿನಿಂದ ನಡೆದೇ ಬಂದ ನನ್ನ ಗಂಡ ತಲೆಯಿಂದ ಕಾಲಿನವರೆಗೆ ಬೆಳ್ಳಗಾಗಿದ್ದ. ಮಗ ಅವನನ್ನು ಮೇಲಿಂದ ಕೆಳಗೆ ನೋಡಿದ. ಮುಖ ಅರಳಿತು.

"ಅಪ್ಪ, ಡೋಂಟ್ ಮೂವ್!"

ರಾತ್ರಿಯೆಲ್ಲ ನಿದ್ದೆಯಿಲ್ಲದ ಡಾಕ್ಟರು ಏನು ಎತ್ತ ಎಂದು ಕೇಳದೆ ಬೊಂಬೆಯ ಜಾಗದಲ್ಲಿ ನಿಂತ. ಮಗಳು ಮಂಕಿ ಕ್ಯಾಪ್ ತೊಡಿಸಿದಳು, ಮಗ ಬಾಯಿಗೆ ಕ್ಯಾರೆಟ್ ಸಿಕ್ಕಿಸಿದ. ಎದುರುಮನೆ ಅಜ್ಜ ಕಿಟಕಿಯಿಂದ ಚಪ್ಪಾಳೆ ತಟ್ಟಿದರು. ಸಂತೋಷಕ್ಕೆ ನನಗೆ ಮತ್ತೆ ಕುಣಿಯಬೇಕೆನಿಸಿತು.

"ನನ್ನ ಕಂದ, ಎಷ್ಟು ಜನರ ಕಣ್ಣು ಬಿತ್ತೋ," ಎನ್ನುತ್ತ ನನ್ನ ಗಂಡನ ಕೆನ್ನೆ ಸವರಿ ಅತ್ತೆ ಅಡುಗೆಮನೆಗೆ ಹೊರಟರು.

ಮಗ ಓಡಿಹೋಗಿ ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತ. ಅಜ್ಜಿಗೆ ಅರ್ಥವಾಗಲೇಬೇಕಿತ್ತಲ್ಲ, ಗಂಟಲು ಹರಿಯುವಂತೆ ಕನ್ನಡದಲ್ಲೇ ಕೂಗಿದ:

"ಅಜ್ಜಿ, ಉಪ್ಪು ಬೇಡ! ಅಪ್ಪ ಕರಗಿ ಹೋಗ್ತಾರೆ!"