ಮೂಡಲಗಿಯಲ್ಲಿ ತಗಡು ಬಿಚ್ಚಿದ ದಿನ

ನಾಟಕ ಕಂಪನಿಯ ಮಾತು ಬಂದರೆ ಜನ ನಟರ ಬಗ್ಗೆ ಕೇಳುತ್ತಾರೆ, ಹಾಡುಗಳ ಬಗ್ಗೆ ಕೇಳುತ್ತಾರೆ. ಥೇಟರು ಕಟ್ಟಿದವರು ಯಾರು ಎಂದು ಕೇಳಿದವರನ್ನು ನಾನು ಕಂಡಿಲ್ಲ. ನಮ್ಮ ಕಂಪನಿಯದನ್ನು ಕಟ್ಟುತ್ತಿದ್ದವನು ನಾನು. ಬಿದಿರಿನ ಗಳ, ಸೆಣಬಿನ ಹಗ್ಗ, ಮೇಲೆ ತಗಡು, ಸುತ್ತ ದಪ್ಪ ಬಟ್ಟೆಯ ಪರದೆ. ಸ್ವಾತಂತ್ರ್ಯಕ್ಕೆ ಹತ್ತು ಹನ್ನೆರಡು ವರ್ಷ ಮೊದಲಿನ ಮಾತಿದು. ಬೇಸಿಗೆ ಬಂತೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಎಂದು ನಮ್ಮ ಕ್ಯಾಂಪು ಸಾಗುತ್ತಿತ್ತು. ಹೊಲದಲ್ಲಿ ಕೆಲಸವಿಲ್ಲದ ಕಾಲ, ಆಟ ನೋಡಲು ಜನ ಬಂಡಿ ಕಟ್ಟಿಕೊಂಡು ಬರುತ್ತಿದ್ದರು.

ಅಡ್ಡಮಳೆಯ ಕಾಲವೂ ಅದೇ. ಮುಂಗಾರಿಗೆ ಮೊದಲು ಗುಡುಗು ಸಿಡಿಲಿನೊಡನೆ ಇದ್ದಕ್ಕಿದ್ದಂತೆ ನುಗ್ಗುವ ಮಳೆಗೆ ನಮ್ಮ ಕಡೆ ಹಾಗೆನ್ನುತ್ತಾರೆ. ಮಳೆಯಾದರೂ ಬರೀ ತೋಯಿಸುತ್ತದೆ. ಅದರ ಮುಂದೆ ಓಡಿಬರುವ ಗಾಳಿ ಚಾವಣಿಯ ತಗಡು ಕಿತ್ತಿತೆಂದರೆ, ಕೆಳಗೆ ಕೂತವರ ಮೇಲೆ ಕತ್ತಿ ಬೀಸಿದ ಹಾಗೆ. ಆದ್ದರಿಂದ ನನ್ನ ಅರ್ಧ ಕೆಲಸ ನೆಲದ ಮೇಲಿದ್ದರೆ ಇನ್ನರ್ಧ ಆಕಾಶದಲ್ಲಿತ್ತು.

ಆ ವಿದ್ಯೆ ಕಲಿಸಿದವರು ಕಾರವಾರದ ಕಡೆಯ ಒಬ್ಬ ಮುದುಕರು. ಹಡಗಿನ ಹಾಯಿ ಹೊಲಿಯುತ್ತಿದ್ದವರು, ವಯಸ್ಸಾದ ಮೇಲೆ ನಮ್ಮಲ್ಲಿ ಪರದೆ ಹೊಲಿಯಲು ಬಂದಿದ್ದರು. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದೆವು. "ನಮ್ಮ ಸಮುದ್ರದ ಗಾಳಿ ಘಟ್ಟ ಹತ್ತಿ ಇಲ್ಲಿವರೆಗೂ ಬರ್ತದೆ, ನೋಡ್ತಾ ಇರು," ಎಂದಿದ್ದರು. ನೋಡಿದೆ. ಖರೆಯೇ. ಬಿಸಿಲು ಇಳಿಯುವ ಹೊತ್ತಿಗೆ ಪಡುವಲದಿಂದ ತಂಪು ಗಾಳಿ ಬಂದು ಥೇಟರಿನ ಬಾವುಟ ಮೂಡಲಕ್ಕೆ ತಿರುಗುತ್ತಿತ್ತು. ಆ ಗಾಳಿ ಬಂದ ದಿನ ಹೆದರಿಕೆ ಕಡಿಮೆ. ಅದು ಬಾರದೆ, ಬಾವುಟ ಜೋತುಬಿದ್ದು, ಮೈಯೆಲ್ಲ ಕುದಿದಂತಾಗಿ, ಮೂಡಲಲ್ಲಿ ಮೋಡ ಹತ್ತಿ ಅರಳಿದ ಹಾಗೆ ಏಳುತ್ತಿದ್ದರೆ ಎಚ್ಚರ. ಆ ಮೋಡದ ನೆತ್ತಿ ಕಮ್ಮಾರನ ಅಡಿಗಲ್ಲಿನಂತೆ ಚಪ್ಪಟೆಯಾಗಿ ಚಾಚಿತೋ, ತಡಮಾಡುವಂತಿಲ್ಲ. ಇಷ್ಟು ಕಲಿಸಿ ಕಾಕಾ ತಮ್ಮೂರಿಗೆ ಹೋದರು. ಆಮೇಲೆ ಆಕಾಶ ನನ್ನ ಪಾಲಿಗೆ ಬಂತು.

ಆ ವರ್ಷ ಗೋಕಾಕದಲ್ಲಿ ಒಂದು ಸಂಜೆ ನನ್ನ ಮಾತಿನ ಮೇಲೆ ತಗಡು ಬಿಚ್ಚಿ ಆಟ ನಿಲ್ಲಿಸಿದೆವು, ಒಂದು ಹನಿಯೂ ಬೀಳಲಿಲ್ಲ. ಹುಡುಗಿಯ ಪಾತ್ರ ಮಾಡುತ್ತಿದ್ದವನಂತೂ ವಾರವಿಡೀ ನನ್ನನ್ನು ಕಂಡಾಗಲೆಲ್ಲ ಛತ್ರಿ ಬಿಚ್ಚುತ್ತಿದ್ದ. ನಾನೂ ನಗುತ್ತಿದ್ದೆ.

ಮೂಡಲಗಿಗೆ ಬಂದ ಮೇಲೆ, ಆಟ ಚೆನ್ನಾಗಿ ಕುದುರಿದ ಒಂದು ದಿನ, ಮಧ್ಯಾಹ್ನವೇ ಹಳ್ಳಿಗಳಿಂದ ಬಂಡಿಗಳು ಬಂದು ಥೇಟರಿನ ಬಾಜೂ ನಿಂತಿದ್ದವು. ಹೆಂಗಸರು ಬುತ್ತಿ ಬಿಚ್ಚಿದ್ದರು. ನಾನು ಗಳದ ಬುಡದಲ್ಲಿ ನಿಂತು ಪಡುವಲ ಗಾಳಿಗೆ ಕಾಯುತ್ತಿದ್ದೆ. ಬಿಸಿಲು ಇಳಿದರೂ ಅದು ಬರಲಿಲ್ಲ. ಮೂಡಲಲ್ಲಿ ಎದ್ದ ಮೋಡದ ನೆತ್ತಿ ನೋಡನೋಡುತ್ತ ಚಪ್ಪಟೆಯಾಯಿತು. ಹಗ್ಗ ಮುಟ್ಟಿ ನೋಡಿದೆ. ಯಾರೂ ಎಳೆಯದೆ ಬಿಗಿದುಕೊಂಡಿತ್ತು. ಸೆಣಬು ತೇವ ಹೀರಿದರೆ ಹಾಗೆ ಬಿಗಿಯುತ್ತದೆ.

ಕಂಪನಿಯ ಮಾಲೀಕರು ಮುಖಕ್ಕೆ ಬಣ್ಣ ಹಚ್ಚಿಕೊಳ್ಳಲು ಕೂತಿದ್ದರು. ಹೋಗಿ ಹೇಳಿದೆ.

"ಏನಪಾ, ಇವತ್ತೂ ಬಿಚ್ಚಬೇಕಂತಿಯೇನು?"

"ಹೌದ್ರಿ, ಯಜಮಾನ್ರ."

"ಗೋಕಾಕದಾಗ ಬಿಚ್ಚಿದ್ದಿ. ಏನಾತು?"

"ಅವತ್ತ ಪಡುವಲ ಗಾಳಿ ತಡಾ ಆದ್ರೂ ಬಂತ್ರಿ. ಇವತ್ತ ಬಂದಿಲ್ರಿ. ಈ ಮೋಡ ಸುಮ್ನ ಹೋಗೂದಲ್ಲ."

ಅವರು ಕನ್ನಡಿ ಕೆಳಗಿಟ್ಟು ಹೊರಗೆ ಬಂದರು. ಒಮ್ಮೆ ಮೋಡ ನೋಡಿದರು, ಒಮ್ಮೆ ತುಂಬಿದ ಬಯಲು ನೋಡಿದರು. "ನಿನಗ ಖಾತ್ರಿ ಐತೇನು?" ಎಂದರು.

"ಮಳಿ ಬರತೈತೋ ಇಲ್ಲೋ ದೇವರಿಗೆ ಗೊತ್ರಿ. ಗಾಳಿ ಮಾತ್ರ ಬರತೈತಿ. ಈ ತಗಡಿನ ಕೆಳಗ ನನ್ನ ಮಕ್ಕಳನ್ನ ಕುಂದರಸಂಗಿಲ್ಲ ನಾ."

ಅವರು ಅರ್ಧ ಬಣ್ಣದ ಮುಖದಲ್ಲೇ ಕಚ್ಚೆ ಬಿಗಿದು ಮೊದಲ ಹಗ್ಗಕ್ಕೆ ತಾವೇ ಕೈ ಹಾಕಿದರು. ಅದನ್ನು ಕಂಡು ನಟರು, ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರರು, ಅಡುಗೆಯವರು ಎಲ್ಲ ಓಡಿಬಂದರು. ತಗಡುಗಳನ್ನು ಒಂದೊಂದಾಗಿ ಇಳಿಸಿ ನೆಲದ ಮೇಲೆ ಒಟ್ಟಿ, ಮೇಲೆ ಕಲ್ಲು ಹೇರಿದೆವು. ಛತ್ರಿಯವನೂ ಬೆವರು ಸುರಿಸಿ ಕಲ್ಲು ಹೊತ್ತ. ಜನ ಗೊಣಗಿದರು. ಒಬ್ಬ ಅಜ್ಜ, "ಬಿಸಲಾಗ ಇಷ್ಟು ದೂರ ಬಂದೇವಲ್ರಿ ನಾವು," ಎಂದ. ಆಗ ಊರಿನ ಜೈನ ವ್ಯಾಪಾರಿಯೊಬ್ಬರು ತಮ್ಮ ಕಲ್ಲುಗೋಡೆಯ ಗೋದಾಮಿನ ಬಾಗಿಲು ತೆಗೆಸಿದರು. "ಎಲ್ಲಾರೂ ಒಳಗ ಬರ್ರಿ. ಚೀಲದ ಮ್ಯಾಲೆ ಕುಂಡ್ರಿ," ಎಂದರು. ಎತ್ತುಗಳ ಕೊರಳ ಹಗ್ಗ ಬಿಚ್ಚಿ, ಬಯಲಂಚಿನ ಬೇವಿನ ಮರದ ಕೆಳಗಿದ್ದವುಗಳನ್ನು ದೂರ ಕಟ್ಟಿಸಿದೆವು.

ಕೊನೆಯ ಮುದುಕಿ ಒಳಗೆ ಕಾಲಿಡುವಾಗ ಗಾಳಿ ಬಂತು. ಮೂಡಲಿನಿಂದ ಕೆಂಪು ಧೂಳಿನ ಗೋಡೆಯೇ ಎದ್ದು ಬಂದಂತೆ. ನಾನು ಬಾಗಿಲಲ್ಲೇ ನಿಂತಿದ್ದೆ. ಬರಿಯ ಗಳಗಳು ಜೋಳದ ದಂಟಿನಂತೆ ಬಾಗಿದವು. ಮಧ್ಯದ ದೊಡ್ಡ ಗಳ ಮುರಿದು, ಜನ ಕೂರಬೇಕಾಗಿದ್ದ ಜಾಗಕ್ಕೇ ಬಿತ್ತು. ಹಿಂದೆಯೇ ಆಣಿಕಲ್ಲಿನ ಮಳೆ. ಬೇವಿನ ಮರಕ್ಕೆ ಸಿಡಿಲು ಹೊಡೆದು ಬುಡದವರೆಗೆ ಸೀಳಿತು.  

ಮಳೆ ಬಂದಷ್ಟೇ ಬೇಗ ಹೋಯಿತು. ಒಬ್ಬರಿಗೂ ಒಂದು ಗೀರು ಆಗಿರಲಿಲ್ಲ, ಒಂದು ತಗಡೂ ಹಾರಿರಲಿಲ್ಲ. ಜನ ಎದ್ದು ಹೋಗಲಿಲ್ಲ. ಮೊದಲು ಗೊಣಗಿದ್ದ ಅಜ್ಜನೇ, "ಇಲ್ಲೇ ಆಡ್ರಲಾ," ಎಂದ. ಕಂದೀಲು ಹಚ್ಚಿ, ಚೀಲಗಳನ್ನು ಸರಿಸಿ ಜಾಗ ಮಾಡಿದೆವು. ಆಟ ಶುರುವಾಗುವ ಮೊದಲು ಮಾಲೀಕರು ನನ್ನನ್ನು ನಡುವೆ ಕರೆದು ನಿಲ್ಲಿಸಿ, ರಾಜನ ಪಾತ್ರಕ್ಕೆಂದು ಸುತ್ತಿದ್ದ ಜರಿಯ ರುಮಾಲನ್ನು ನನ್ನ ತಲೆಗೆ ಇಟ್ಟರು.

"ಈತ ನಮ್ಮ ಥೇಟರ್ ಕಟ್ಟಾಂವ. ಇವತ್ತ ಬಿಚ್ಚಿ ಉಳಿಸ್ಯಾನ," ಎಂದರು.

ಅಷ್ಟು ಜನರ ಚಪ್ಪಾಳೆ ನನಗಾಗಿ ಬಿದ್ದದ್ದು ಅದೇ ಮೊದಲು. ಛತ್ರಿಯವನು ಎಲ್ಲರಿಗಿಂತ ಜೋರಾಗಿ ತಟ್ಟಿದ. ತಲೆ ಬಗ್ಗಿಸಿದರೆ ರುಮಾಲು ಜಾರೀತೆಂದು ನೆಟ್ಟಗೆ ನಿಂತೇ ಇದ್ದೆ.

ಮುಂದೆ ಹುಕ್ಕೇರಿಗೆ ಹೋಗುವಷ್ಟರಲ್ಲಿ ಸುದ್ದಿ ನಮಗಿಂತ ಮುಂಚೆ ತಲುಪಿತ್ತು. ಸಂತೆಯ ದಿನ ಮೆಣಸಿನಕಾಯಿ ಒಣಗಲು ಹರವುವವರು ಬಂದು, "ಇವತ್ತ ಹ್ಯಾಂಗ್ರಿ?" ಎಂದು ಕೇಳುತ್ತಿದ್ದರು. ತಿಳಿದರೆ ತಿಳಿದಷ್ಟು ಹೇಳುತ್ತಿದ್ದೆ, ತಿಳಿಯದಿದ್ದರೆ ತಿಳಿಯದೆಂದು ಹೇಳುತ್ತಿದ್ದೆ. ಎರಡನ್ನೂ ಅವರು ನಂಬುತ್ತಿದ್ದರು.